ಪಕ್ಕದ ಮನೆಗೆ ಮುನ್ನೂರು ಮೈಲಿ

ಬೆಳಗ್ಗೆ ಎದ್ದ ಕೂಡಲೇ ಸತ್ತವರ ಪಟ್ಟಿ ನೋಡುವ ಅಭ್ಯಾಸ ಮೈಸೂರಿನಲ್ಲಿ ನಮ್ಮ ಸೋದರಮಾವನಿಗಿತ್ತು. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಪೇಪರಿನ ಶ್ರದ್ಧಾಂಜಲಿ ಪುಟ. ಗುರುತಿನವರು ಯಾರೂ ಸಿಗದಿದ್ದರೆ ಅವರ ಮುಖ ಸ್ವಲ್ಪ ಸಪ್ಪಗಾಗುತ್ತಿತ್ತು. ಆದ್ದರಿಂದ ಶಿಕಾಗೊ ಪಕ್ಕದ ಲೊಂಬಾರ್ಡ್‌ನಲ್ಲಿ ನಮ್ಮ ಎದುರು ಬಾಗಿಲಿನ ಅಜ್ಜಿ ಹೊಸ ಟ್ಯಾಬ್ಲೆಟ್ ತಂದು, “ನಮ್ಮ ಊರ ಕಡೆ ಯಾರು ಸತ್ತರು ಅಂತ ದಿನಾ ಇದರಲ್ಲಿ ಬರುತ್ತಂತೆ, ಹಾಕಿಕೊಡು” ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಐದು ನಿಮಿಷದ ಕೆಲಸ. ಆ ಐದು ನಿಮಿಷದಿಂದ ನಾನು ಅವರಿಗೆ ಅಂಟಿಕೊಂಡೆ, ಅಥವಾ ಅವರು ನನಗೆ.

ಅಜ್ಜಿ ಐರ್ಲೆಂಡಿನ ಪಶ್ಚಿಮದ ಒಂದು ಹಳ್ಳಿಯವರು. ಹತ್ತೊಂಬತ್ತನೆಯ ವಯಸ್ಸಿಗೆ ಶಿಕಾಗೊಗೆ ಬಂದು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು, ಗಂಡನನ್ನು ಮಣ್ಣುಮಾಡಿ, ಈಗ ಎಂಬತ್ತೊಂಬತ್ತಕ್ಕೆ ಒಬ್ಬರೇ ಇದ್ದಾರೆ. ಅವರು ಮಾತಾಡುವುದು ಇಂಗ್ಲಿಷಿನಲ್ಲಿ, ಅದೂ ಹಾಡಿನ ಹಾಗೆ ಏರಿಳಿಯುವ ಅವರ ಊರಿನ ಇಂಗ್ಲಿಷಿನಲ್ಲಿ. ನನಗೆ ಮಾತ್ರ ಅದು ನಮ್ಮ ವಠಾರದ ಕನ್ನಡದ ಹಾಗೇ ಕೇಳಿಸುತ್ತದೆ. ಹಾಗೇ ಬರೆಯುತ್ತೇನೆ.

ನನ್ನ ಸಂಗತಿ ಹೇಳುವುದಕ್ಕೆ ಹೆಚ್ಚಿಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬೆನ್ನುನೋವಿಗೆ ಸೋತು ಬಿಟ್ಟವಳು. ಮಕ್ಕಳಿಲ್ಲ. ನಮ್ಮ ಯಜಮಾನರಿಗೆ ಆರು ವರ್ಷದ ಹಿಂದೆ ಮಿಷಿಗನ್‌ನ ಟ್ರಾಯ್‌ನಲ್ಲಿ, ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲೊಂದು ಸಣ್ಣ ಅಪಾರ್ಟ್‌ಮೆಂಟ್ ಹಿಡಿದರು. ಎರಡು ವಾರಕ್ಕೊಮ್ಮೆ ಶುಕ್ರವಾರ ಸಂಜೆ ಬರುತ್ತಾರೆ, ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೊರಡುತ್ತಾರೆ. ಉಳಿದ ದಿನ ಸಂಜೆ ಏಳಕ್ಕೆ ಫೋನು.

“ಊಟ ಆಯ್ತಾ?”

“ಆಯ್ತು ರೀ. ನಿಮ್ದು?”

“ಆಯ್ತು. ಸರಿ, ಇಡ್ಲಾ?”

ಇಷ್ಟೇ. ಜಗಳವಿಲ್ಲ. ಜಗಳವಾದರೂ ಇದ್ದಿದ್ದರೆ ಹತ್ತು ನಿಮಿಷ ಮಾತು ಬೆಳೆಯುತ್ತಿತ್ತಲ್ಲ ಎಂದು ಎಷ್ಟೋ ಸಲ ಅನ್ನಿಸಿದೆ. ನಮ್ಮ ಕಟ್ಟಡದಲ್ಲಿದ್ದ ಕನ್ನಡದವರೆಲ್ಲ ಒಬ್ಬೊಬ್ಬರಾಗಿ ಬೋಲಿಂಗ್‌ಬ್ರೂಕ್ ಕಡೆ ಮನೆ ಕೊಂಡು ಹೋದರು. ಹೋಗುವಾಗ ಎಲ್ಲರೂ “ಬರ್ತಾ ಇರಿ” ಎಂದರು. ಬರುತ್ತಾ ಇರಬೇಕಾದರೆ ಮೂರು ದಿನ ಮುಂಚೆ ಮೆಸೇಜ್ ಮಾಡಬೇಕು, ಅವರು ಕ್ಯಾಲೆಂಡರ್ ನೋಡಬೇಕು. ನನಗೆ ಬಾಯಿ ಸ್ವಲ್ಪ ಜೋರು. “ಇದೇನು ಡಾಕ್ಟರ್ ಅಪಾಯಿಂಟ್‌ಮೆಂಟಾ?” ಎಂದು ಒಬ್ಬರಿಗೆ ಬರೆದುಬಿಟ್ಟೆ. ಅವರು ನಗುವ ಮುಖ ಒಂದನ್ನು ಕಳಿಸಿದರು, ಆಮೇಲೆ ಏನನ್ನೂ ಕಳಿಸಲಿಲ್ಲ. ಒಂಟಿತನ ಎಂದರೆ ನನಗೆ ಆಗ ಹಗಲು ಎರಡರಿಂದ ಐದು ಗಂಟೆ. ಆ ಹೊತ್ತಿನಲ್ಲಿ ನಾನು ಪಾತ್ರೆಗಳ ಜೊತೆ ಜೋರಾಗಿ ಮಾತಾಡುತ್ತಿದ್ದೆ.

ಟ್ಯಾಬ್ಲೆಟ್ ಆದಮೇಲೆ ಆ ಹೊತ್ತು ಅಜ್ಜಿಯ ಮನೆಗೆ ಹೋಯಿತು. ಅವರು ಟೀ ಮಾಡುತ್ತಿದ್ದರು. ನಮ್ಮ ಕಡೆಯವರು ಬಣ್ಣ ನೋಡಿಯೇ ಹೆದರುವಷ್ಟು ಕಡು ಟೀ. ಕುಡಿಯುತ್ತ ಅವರ ಊರಿನ ಕಥೆ. ಮನೆಯ ಬಾಗಿಲು ಅಡ್ಡಕ್ಕೆ ಎರಡು ತುಂಡು: ಕೋಳಿ ಒಳಗೆ ನುಗ್ಗದಂತೆ ಕೆಳಗಿನ ಅರ್ಧ ಮುಚ್ಚಿರುತ್ತದೆ, ಬೆಳಕು ಬರಲೆಂದು ಮೇಲಿನ ಅರ್ಧ ತೆರೆದಿರುತ್ತದೆ. ಜೌಗು ನೆಲದ ಕಪ್ಪು ಮಣ್ಣನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಿಸಿದರೆ ಅದೇ ಸೌದೆ. ಅಂಥ ಒಂದು ಗಾಡಿ ಮಣ್ಣಿಗಾಗಿ ಇಡೀ ಬೇಸಿಗೆ ಬೆನ್ನು ಬಗ್ಗಿಸಬೇಕು. ಯಾರ ಮನೆಗಾದರೂ ಹೋದರೆ ಬಾಗಿಲು ತಟ್ಟುವ ಹಾಗಿಲ್ಲ, ಅಗುಳಿ ಎತ್ತಿ ಒಳಗೆ ಹೋಗುವುದೇ. ತಟ್ಟಿದರೆ ಪೊಲೀಸರೋ ಪರವೂರಿನವರೋ ಎಂದು ಅರ್ಥ.

“ಇನ್ನೊಂದಿತ್ತು” ಎಂದರು ಒಮ್ಮೆ. “ಯಾರಾದರೂ ಕೆಲಸ ಮಾಡುತ್ತಿದ್ದರೆ, ನೀನು ಪಕ್ಕದಲ್ಲಿ ಹಾದುಹೋಗುತ್ತಿದ್ದರೆ, ‘ಕೆಲಸಕ್ಕೆ ದೇವರ ದಯೆ ಇರಲಿ’ ಅನ್ನಬೇಕು. ಅವರು ‘ನಿನಗೂ ಇರಲಿ’ ಅನ್ನಬೇಕು. ಹೊಲ ಅಗೆಯುತ್ತಿರಲಿ, ಹಾಲು ಕರೆಯುತ್ತಿರಲಿ, ಬಟ್ಟೆ ಹಿಂಡುತ್ತಿರಲಿ. ಹೇಳದೆ ಹೋದರೆ ಅದು ಬೈಗುಳಕ್ಕಿಂತ ಕೆಟ್ಟದ್ದು.”

“ನಮ್ಮಲ್ಲಿ ‘ಊಟ ಆಯ್ತಾ’ ಇದ್ದ ಹಾಗೆ” ಎಂದೆ.

“ಹೌದಾ? ಅದನ್ನು ಹೇಳದೆ ಮೂವತ್ತೈದು ವರ್ಷ ಇದ್ದವರನ್ನು ನೋಡಿದ್ದೀಯಾ ನೀನು?”

ಅವರು ಲೋಟಗಳನ್ನು ಎತ್ತಿಕೊಂಡು ಸಿಂಕಿನ ಕಡೆ ಹೋದರು. ಮುಂದಿನದನ್ನು ವಾರ ಕಳೆದಮೇಲೆ, ನಾನು ಕೇಳದೆಯೇ ಹೇಳಿದರು. ಅದು ಅವರು ಹುಟ್ಟುವುದಕ್ಕೆ ಹದಿನೈದು ಹದಿನಾರು ವರ್ಷ ಮೊದಲಿನ ಗಲಾಟೆ. ದೇಶದಿಂದ ಇಂಗ್ಲಿಷರನ್ನು ಓಡಿಸುವ ಗಲಾಟೆ. ಅವರ ತಾಯಿ ಆಗ ಇನ್ನೂ ಮದುವೆಯಾಗದ ಹುಡುಗಿ. ಲಾರಿಗಳಲ್ಲಿ ಸಿಪಾಯಿಗಳು ಬರುತ್ತಿದ್ದರು. ಲಾರಿ ಬರಬಾರದೆಂದು ಊರ ಗಂಡಸರು ರಾತ್ರಿ ರಸ್ತೆಗೆ ಅಡ್ಡವಾಗಿ ಕಂದಕ ತೋಡುತ್ತಿದ್ದರು. ಬೆಳಗಾದರೆ ಸಿಪಾಯಿಗಳು ಅದೇ ಗಂಡಸರನ್ನು ಹಿಡಿದು ತಂದು ಮುಚ್ಚಿಸುತ್ತಿದ್ದರು. “ನಮ್ಮ ತಾತನಿಗೆ ಒಂದೇ ಗುಂಡಿಯಲ್ಲಿ ಎರಡು ಪಾಳಿ ಕೆಲಸ” ಎಂದು ಅಜ್ಜಿ ನಕ್ಕರು. ನಾನೂ ನಕ್ಕೆ. ನಗು ಅಲ್ಲಿಗೇ ಮುಗಿಯಿತು.

ಅಜ್ಜಿಯ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಸ್ವಲ್ಪ ಎತ್ತರದಲ್ಲಿ, ಇನ್ನೊಂದು ಮನೆಯಿತ್ತು. ಮೇಲಿನ ಮನೆ, ಕೆಳಗಿನ ಮನೆ ಎಂದೇ ಊರಲ್ಲಿ ಕರೆಯುತ್ತಿದ್ದರು. ಎರಡಕ್ಕೂ ಒಂದೇ ಬಾವಿ. ಮೇಲಿನ ಮನೆಯ ಗಂಡಸಿನದು ಕುದುರೆ ಗಾಡಿ. ಇಂಗ್ಲಿಷ್ ಸರ್ಕಾರದ ಪೊಲೀಸ್ ಠಾಣೆಗೆ ವರ್ಷಗಳಿಂದ ಅವನೇ ಸೌದೆಯ ಆ ಒಣಮಣ್ಣು ಸಾಗಿಸುತ್ತಿದ್ದ. ಗಲಾಟೆ ಶುರುವಾದಮೇಲೆ ಚರ್ಚಿನ ಗೇಟಿಗೆ ಚೀಟಿ ಅಂಟಿತು: ಠಾಣೆಗೆ ಯಾರೂ ಏನನ್ನೂ ಕೊಡಕೂಡದು. ಒಪ್ಪಿಕೊಂಡ ಕೊನೆಯ ಒಂದು ಗಾಡಿ ಕೊಟ್ಟು ನಿಲ್ಲಿಸುತ್ತೇನೆ ಎಂದುಕೊಂಡ ಅವನು ಆ ಗಾಡಿಯನ್ನು ಹೊಡೆದುಕೊಂಡು ಹೋದ. ಮರುದಿನದಿಂದ ಊರು ಅವನ ಜೊತೆ ಮಾತು ಬಿಟ್ಟಿತು. ಕಮ್ಮಾರ ಅವನ ಕುದುರೆಗೆ ಲಾಳ ಹೊಡೆಯಲಿಲ್ಲ. ಬಾಯ್ಕಾಟ್ ಎನ್ನುವ ಪದ ಹುಟ್ಟಿದ್ದೇ ಅಜ್ಜಿಯ ದೇಶದಲ್ಲಂತೆ. ನಮ್ಮಲ್ಲಿ ಬಹಿಷ್ಕಾರ ಹಾಕುವುದನ್ನು ಕಲಿಯಲು ಯಾರೂ ಅಲ್ಲಿಗೆ ಹೋಗಬೇಕಾಗಿರಲಿಲ್ಲ ಎಂದು ನಾನು ಹೇಳಿದೆ.

ಒಂದು ತಿಂಗಳಲ್ಲಿ ಸಿಪಾಯಿಗಳು ಅಜ್ಜಿಯ ಸೋದರಮಾವನನ್ನು, ಅಂದರೆ ಅವರ ತಾಯಿಯ ತಮ್ಮನನ್ನು, ಹುಲ್ಲು ಒಟ್ಟುತ್ತಿದ್ದ ಹೊಲದಿಂದಲೇ ಲಾರಿಗೆ ಹತ್ತಿಸಿಕೊಂಡು ಹೋದರು. ಎರಡು ದಿನದ ಮೇಲೆ ಜೌಗಿನ ಅಂಚಿನಲ್ಲಿ ಹೆಣ ಸಿಕ್ಕಿತು. ಗಾಡಿಯವನೇ ಸಿಪಾಯಿಗಳಿಗೆ ಸುಳಿವು ಕೊಟ್ಟದ್ದು ಎಂದು ತಾಯಿ ತೀರ್ಮಾನಿಸಿದರು. ಕಂಡವರಿಲ್ಲ, ಕೇಳಿದವರಿಲ್ಲ. ಗಲಾಟೆ ಮುಗಿಯಿತು, ಆಮೇಲೆ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡರು, ಅದೂ ಮುಗಿಯಿತು. ಊರಿಗೆ ಸುಸ್ತಾಯಿತು. ಕಮ್ಮಾರ ಕುದುರೆಗೆ ಲಾಳ ಹೊಡೆದ, ಅಂಗಡಿಯವನು ಉಪ್ಪು ಕೊಟ್ಟ, ಆ ಕಾಲದ ಮಾತನ್ನೇ ಎತ್ತಬಾರದೆಂದು ಎಲ್ಲರೂ ಒಪ್ಪಿಕೊಂಡ ಹಾಗೆ ಸುಮ್ಮನಾದರು. ಅಜ್ಜಿಯ ತಾಯಿ ಮಾತ್ರ ಬಿಡಲಿಲ್ಲ. ತವರುಮನೆಗೇ ಗಂಡನನ್ನು ಮನೆಯಳಿಯನಾಗಿ ತಂದುಕೊಂಡು ಸಂಸಾರ ಹೂಡಿದರು, ಗಂಡನಿಗೂ ಅದೇ ಕಟ್ಟಳೆ, ಹುಟ್ಟಿದ ಮಕ್ಕಳಿಗೂ ಅದೇ. ಮೇಲಿನ ಮನೆಯವರು ಬಾವಿಯ ಬಳಿ ಇದ್ದರೆ ಕೊಡ ಇಟ್ಟು ಬೆನ್ನು ತಿರುಗಿಸಿ ನಿಲ್ಲಬೇಕು. ಅವರು ಹೋದಮೇಲೆ ನೀರು ಸೇದಬೇಕು. ಮೇಲಿನ ಮನೆಯಲ್ಲಿ ಒಬ್ಬ ಮಗ, ಅಜ್ಜಿಗಿಂತ ಎರಡು ವರ್ಷ ಚಿಕ್ಕವಳಾದ ಒಬ್ಬಳು ಮಗಳು ಇದ್ದರು. ಒಂದೇ ಶಾಲೆ, ಒಂದೇ ದಾರಿ. ಒಂದು ಮಾತಿಲ್ಲ.

“ಅದೆಲ್ಲ ಅಮ್ಮನದು. ಅದಕ್ಕೆ ಅಮ್ಮ ದೇವರಿಗೆ ಉತ್ತರ ಕೊಟ್ಟುಕೊಳ್ಳಲಿ” ಎಂದರು ಅಜ್ಜಿ. “ನನ್ನದು ಒಂದಿದೆ.”

ಅಮೆರಿಕಕ್ಕೆ ಹೊರಡುವವರು ಹಿಂದಿನ ದಿನ ರಸ್ತೆಯ ಪ್ರತಿ ಮನೆಗೂ ಹೋಗಿ ಹೇಳಿ ಬರುವುದು ಅಲ್ಲಿನ ಪದ್ಧತಿ. ಹೋದವರು ತಿರುಗಿ ಬರುವುದು ಅಪರೂಪ, ಅದಕ್ಕೇ ಒಂದು ಮನೆಯನ್ನೂ ಬಿಡುವ ಹಾಗಿಲ್ಲ. ಹತ್ತೊಂಬತ್ತು ವರ್ಷದ ಅಜ್ಜಿ ಎಲ್ಲ ಮನೆಗೂ ಹೋದರು. ವಾಪಸು ಬರುವಾಗ ಮೇಲಿನ ಮನೆಯ ಹೆಂಗಸು, ಗಾಡಿಯವನ ಹೆಂಡತಿ, ಅರ್ಧ ಬಾಗಿಲಿಗೆ ಒರಗಿ, ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ನಿಂತಿದ್ದರು. ಕಾಯುತ್ತಿದ್ದರು ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಅಜ್ಜಿಯ ತಾಯಿ ಆ ಹೊತ್ತಿಗೆ ದೂರದ ಹೊಲದಲ್ಲಿದ್ದರು, ನೋಡುವಂತಿರಲಿಲ್ಲ.

“ನಾನು ಮುಖ ನೆಟ್ಟಗೆ ಇಟ್ಟುಕೊಂಡು ದಾಟಿಬಿಟ್ಟೆ. ಯಾರೂ ನನ್ನನ್ನು ತಡೆಯುತ್ತಿರಲಿಲ್ಲ, ಗೊತ್ತಾ? ದಾಟಿದ್ದು ನನ್ನದೇ ಕಾಲು. ಎಪ್ಪತ್ತು ವರ್ಷದಿಂದ ಆ ಹೆಂಗಸು ಕೈ ಒರೆಸಿಕೊಳ್ಳುತ್ತಲೇ ಇದ್ದಾಳೆ ನನ್ನ ಕಣ್ಣ ಮುಂದೆ.”

ನನಗೆ ಸಮಾಧಾನ ಹೇಳಲು ಬರುವುದಿಲ್ಲ. “ಚಿಕ್ಕ ವಯಸ್ಸು, ಬಿಡಿ” ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ನಾಚಿಕೆಯಾಯಿತು.

ಕಳೆದ ಅಕ್ಟೋಬರಿನ ಒಂದು ಬೆಳಗ್ಗೆ ಎಂಟಕ್ಕೇ ನನ್ನ ಬಾಗಿಲು ತೆರೆದುಕೊಂಡಿತು. ಅಜ್ಜಿ ಟ್ಯಾಬ್ಲೆಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಮೇಲಿನ ಮನೆಯ ಮಗ ತೀರಿಕೊಂಡಿದ್ದ. ಸತ್ತವನ ಉಳಿದ ಬಂಧುಗಳಲ್ಲಿ ಒಬ್ಬ ತಂಗಿ, ಅಮೆರಿಕದ ಮಿಷಿಗನ್‌ನ ಟ್ರಾಯ್‌ನಲ್ಲಿ.

“ನಿನ್ನ ಗಂಡ ಇರುವುದು ಎಲ್ಲಿ ಅಂದಿದ್ದೆ?”

ಆ ಪುಟದಲ್ಲೇ ಸಂತಾಪ ಬರೆಯುವ ಜಾಗವಿತ್ತು. ಊರಿನ ಕಡೆಯ ಒಬ್ಬ ಹಿರಿಯರು ನೋಡಲು ಬಯಸುತ್ತಾರೆ ಎಂದು ನಾನು ನನ್ನ ಇಮೇಲ್ ಹಾಕಿ ಬರೆದೆ. ಮೂರನೆಯ ದಿನ ಟ್ರಾಯ್‌ನಿಂದ ಆ ತಂಗಿಯ ಸೊಸೆ ಉತ್ತರ ಬರೆದಳು: ಅತ್ತೆ ಚೆನ್ನಾಗಿದ್ದಾರೆ, ಆ ಊರಿನ ಯಾರೇ ಆದರೂ ಬರಲಿ, ಶನಿವಾರ ಆಗಬಹುದು. ಫೋನ್ ನಂಬರೂ ಕೊಟ್ಟಿದ್ದಳು. ಮೊದಲು ಫೋನಿನಲ್ಲಿ ಮಾತಾಡಿ ನೋಡಿ ಎಂದು ಅಜ್ಜಿಗೆ ಹೇಳಿದೆ.

“ಮೂವತ್ತು ವರ್ಷ ನಾನು ಜನರಿಗೆ ಫೋನ್ ಜೋಡಿಸಿಕೊಟ್ಟವಳು. ಅದರಲ್ಲಿ ಕ್ಷಮಿಸು ಅಂದವರು ಆಮೇಲೆ ಬೇಗ ಇಟ್ಟುಬಿಡುತ್ತಿದ್ದರು” ಎಂದರು. “ನಡೆದು ದಾಟಿದ್ದು. ನಡೆದೇ ಹೋಗಿ ಹೇಳಬೇಕು.”

ನಡೆಯುವುದು ಅವರು, ಡ್ರೈವ್ ಮಾಡುವುದು ನಾನು. ಸಂಜೆ ಏಳರ ಫೋನಿನಲ್ಲಿ ಯಜಮಾನರಿಗೆ ಹೇಳಿದೆ.

“ನೀನಾ? ಡ್ರೈವ್ ಮಾಡ್ಕೊಂಡಾ? ಐ-94 ಹೈವೇನಲ್ಲಾ? ಟ್ರಕ್ ಕಂಡ್ರೆ ಕಣ್ ಮುಚ್ಕೋತೀಯಲ್ಲೇ!”

“ಈ ಸಲ ಕಣ್ ಬಿಟ್ಕೊಂಡೇ ಬರ್ತೀನಿ ಬಿಡಿ.”

ಆರು ವರ್ಷದಲ್ಲಿ ನಾನು ಒಮ್ಮೆಯೂ ಟ್ರಾಯ್‌ಗೆ ಹೋಗಿರಲಿಲ್ಲ. ಅವರು ಕರೆದಿರಲಿಲ್ಲ, ನಾನು ಕೇಳಿರಲಿಲ್ಲ. ಕರೆಯಲಿ ಎಂದು ನಾನು, ಕೇಳಲಿ ಎಂದು ಅವರು. ಹೀಗೇ ಇದ್ದುಬಿಟ್ಟೆವು.

ಮುನ್ನೂರು ಮೈಲಿ. ಶುಕ್ರವಾರ ಬೆಳಗ್ಗೆ ಚಿತ್ರಾನ್ನ ಕಟ್ಟಿಕೊಂಡು ಹೊರಟೆವು. ನಾನು ಬಲಗಡೆಯ ಲೇನ್ ಬಿಡಲಿಲ್ಲ, ಹಿಂದಿನವರು ಹಾರ್ನ್ ಹೊಡೆದರೆ ಮೈಸೂರು ಕನ್ನಡದಲ್ಲಿ ಬೈದೆ. ಅಜ್ಜಿ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದರು. ಜಪ ಇರಬೇಕು ಎಂದುಕೊಂಡೆ. ಬ್ಯಾಟಲ್ ಕ್ರೀಕ್ ದಾಟಿದಮೇಲೆ ಗೊತ್ತಾಯಿತು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದರು.

“ಕೇಳು” ಎಂದರು. “‘ನಿನ್ನ ತಾಯಿ ಬಾಗಿಲಲ್ಲಿ ನಿಂತಿದ್ದರು. ನಾನು ನೋಡಿಯೂ ನೋಡದ ಹಾಗೆ ಹೋದೆ. ತಪ್ಪು ನನ್ನದು.’ ಸಾಕಾ? ಜಾಸ್ತಿಯಾಯಿತಾ?”

“ಸಾಕು” ಎಂದೆ. ಇದನ್ನು ಹೇಳದೆ ಸಾಯುವುದಕ್ಕೆ ಭಯ ಎಂದರು. ಸಾವಿಗೆ ಭಯವಿಲ್ಲವಂತೆ, ಅಲ್ಲಿ ಮೊದಲು ಸಿಗುವವರು ಆ ಹೆಂಗಸೇ ಆದರೆ ಎಂದು ಭಯವಂತೆ.

ಸಂಜೆ ಯಜಮಾನರ ಅಪಾರ್ಟ್‌ಮೆಂಟ್ ತಲುಪಿದೆವು. ಒಂದು ಕುರ್ಚಿ, ಕಿಟಕಿಗೆ ಮುಖ ಮಾಡಿ, ಕಿಟಕಿಯಾಚೆ ಪಾರ್ಕಿಂಗ್ ಲಾಟ್. ಅಡುಗೆಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ, ಒಂದು ಸಣ್ಣ ಕುಕ್ಕರ್. ನಾವು ಬರುತ್ತೇವೆಂದು ಎರಡು ಹೊಸ ತಟ್ಟೆ ತಂದಿಟ್ಟಿದ್ದರು, ಸ್ಟಿಕ್ಕರ್ ಕಿತ್ತಿರಲಿಲ್ಲ. ನಾನು ಸಿಂಕಿನ ಮುಂದೆ ನಿಂತು ಉಗುರಿನಲ್ಲಿ ಆ ಸ್ಟಿಕ್ಕರ್ ಕೆರೆಯುತ್ತ ಅತ್ತೆ. ನನ್ನ ಒಂಟಿತನವೊಂದೇ ಒಂಟಿತನ ಎಂದುಕೊಂಡಿದ್ದೆ. ಅವರು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದರು, ಈರುಳ್ಳಿಯ ಉರಿ ಎಂದುಕೊಂಡಿರಬೇಕು. ಅಥವಾ ಹಾಗೆ ಎಂದುಕೊಂಡ ಹಾಗೆ ಇದ್ದರು. ಹಾಸಿಗೆ ಅಜ್ಜಿಗೆ ಬಿಟ್ಟು ನಾವಿಬ್ಬರೂ ಕಾರ್ಪೆಟ್ಟಿನ ಮೇಲೆ ಕಂಬಳಿ ಹಾಸಿಕೊಂಡೆವು.

ಶನಿವಾರ ಹನ್ನೊಂದಕ್ಕೆ ಆ ಮನೆ. ಒಂದೇ ಥರದ ಮನೆಗಳ ಬಡಾವಣೆ, ನಾನು ಎರಡು ಸಲ ದಾರಿ ತಪ್ಪಿದೆ. ಸೊಸೆ ಬಾಗಿಲು ತೆರೆದು, ಅತ್ತೆ ಒಳಗಿದ್ದಾರೆ ಎಂದು ತೋರಿಸಿ, ನೀವು ಮಾತಾಡಿ ಎಂದು ಅಂಗಡಿಗೆ ಹೊರಟುಹೋದಳು. ಅಡುಗೆಮನೆಯ ಮೇಜಿನ ಮುಂದೆ ತೆಳ್ಳಗಿನ ಒಬ್ಬ ಮುದುಕಿ, ಎಂಬತ್ತೇಳರವರು, ತೋಟದಿಂದ ತಂದ ಸೇಬಿನ ಸಿಪ್ಪೆ ತೆಗೆಯುತ್ತ ಕೂತಿದ್ದರು. ಕಿವಿ ಸ್ವಲ್ಪ ಮಂದವಿರಬೇಕು, ತಲೆಯೆತ್ತಲಿಲ್ಲ. ನಮ್ಮ ಅಜ್ಜಿ ಹೊಸ್ತಿಲಲ್ಲೇ ನಿಂತರು. ನನ್ನ ತೋಳನ್ನು ಬಿಟ್ಟರು. ಬಾಯಿಪಾಠ ಮಾಡಿದ ಒಂದು ಅಕ್ಷರವೂ ಬರಲಿಲ್ಲ. ಬಂದದ್ದು ಬೇರೆ.

“ಕೆಲಸಕ್ಕೆ ದೇವರ ದಯೆ ಇರಲಿ.”

ಚಾಕು ನಿಂತಿತು. “ನಿನಗೂ ಇರಲಿ” ಎಂದು ಬಾಯಿ ತಾನಾಗಿ ಹೇಳಿದಮೇಲೆ ಆ ಮುದುಕಿ ತಲೆಯೆತ್ತಿದರು. ತುಂಬ ಹೊತ್ತು ನೋಡಿದರು.

“ನೀನು ಕೆಳಗಿನ ಮನೆಯವಳು” ಎಂದರು. “ಅಯ್ಯೋ ದೇವರೇ. ಕೆಳಗಿನ ಮನೆಯವಳು ಮಾತಾಡಿದಳು!”

ಎದ್ದು ಬಂದವರೇ ನಮ್ಮ ಅಜ್ಜಿಯನ್ನು ತಬ್ಬಿಕೊಂಡು ಅತ್ತರು. ಸಿಪ್ಪೆಯ ಅಂಟು ಅಜ್ಜಿಯ ಕೋಟಿಗೆಲ್ಲ ಮೆತ್ತಿತು. ನಾನು ಕುರ್ಚಿ ಎಳೆದು ಇಬ್ಬರನ್ನೂ ಕೂರಿಸಿದೆ. ಅಜ್ಜಿ ಉಸಿರೆಳೆದುಕೊಂಡು, “ನಿನ್ನ ತಾಯಿ ಬಾಗಿಲಲ್ಲಿ ನಿಂತಿದ್ದರು” ಎಂದು ಶುರು ಮಾಡಿದರು.

“ನಿಂತಿದ್ದಳು, ನಿಂತಿದ್ದಳು!” ಎಂದು ಆಕೆ ಅಲ್ಲಿಗೇ ಮಾತು ಕಸಿದುಕೊಂಡರು. “ನೀನು ಹೊರಡುವ ಹಿಂದಿನ ದಿನ. ನಿನಗೆ ಅಂತ ಉಣ್ಣೆಯ ಕಾಲುಚೀಲ ಹೆಣೆದು ಇಟ್ಟಿದ್ದಳು. ಅಮೆರಿಕದಲ್ಲಿ ಚಳಿ ಅಂತ ಕೇಳಿದ್ದಳಲ್ಲ. ನೀನು ನಿಲ್ಲಲಿಲ್ಲ. ನಾನು ಕೇಳಿದೆ, ಏನಮ್ಮಾ ಇವಳಿಗೆ ಇಷ್ಟು ಸೊಕ್ಕು ಅಂತ. ನನಗೆ ಬೈದಳು. ಸೊಕ್ಕಲ್ಲ ಕಣೇ, ಪಾಪದ ಹುಡುಗಿ, ನಮ್ಮ ಮನೆಗೆ ಬಂದರೆ ಅವಳ ತಾಯಿಗೆ ಒಂದು ವಾರ ಹುಷಾರು ತಪ್ಪುತ್ತೆ, ಅದಕ್ಕೇ ಹಾಗೇ ಹೋದಳು ಅಂದಳು.”

ಆಕೆ ಹೇಳುತ್ತಾ ಹೋದರು. ಚಿಕ್ಕಂದಿನಲ್ಲಿ ಕೆಳಗಿನ ಮನೆಯವರು ಏಕೆ ಮಾತಾಡುವುದಿಲ್ಲ ಎಂದು ಮಕ್ಕಳು ಕೇಳಿದರೆ ಮೇಲಿನ ಮನೆಯ ತಾಯಿ ಒಂದೇ ಉತ್ತರ ಕೊಡುತ್ತಿದ್ದರಂತೆ. ಆ ಮನೆಗೆ ದೊಡ್ಡ ದುಃಖ ಬಂದಿದೆ, ಆ ಹೆಂಗಸಿಗೆ ಮನಸ್ಸಿನ ಕಾಯಿಲೆ, ಮಾತಾಡಿಸಿದರೆ ನೋವಾಗುತ್ತದೆ. ನೀವೂ ಮಾತಾಡಿಸಿ ಹಿಂಸೆ ಮಾಡಬೇಡಿ, ಬಾವಿಯ ಹತ್ತಿರ ಬೇಗ ನೀರು ಸೇದಿ ಜಾಗ ಬಿಟ್ಟುಕೊಡಿ. ರಾತ್ರಿಯ ಪ್ರಾರ್ಥನೆಯಲ್ಲಿ ಕೆಳಗಿನ ಮನೆಗೂ ಒಂದು ಸಾಲು ಇತ್ತಂತೆ. ಅಣ್ಣ ತಂಗಿ ಇಬ್ಬರೂ ದೊಡ್ಡವರಾದಮೇಲೂ ಅದನ್ನು ಬಿಟ್ಟಿರಲಿಲ್ಲ.

ಬಹಿಷ್ಕಾರದ ವಿಷಯ ಆಕೆಗೆ ಗೊತ್ತೇ ಇರಲಿಲ್ಲ. ತನ್ನ ತಂದೆಯ ಮೇಲಿದ್ದ ಆರೋಪ, ಕೊನೆಯ ಗಾಡಿ, ಚರ್ಚಿನ ಗೇಟಿನ ಚೀಟಿ, ಯಾವುದೂ. ಊರು ಬಾಯಿ ಮುಚ್ಚಿಕೊಂಡಿತ್ತು, ತಾಯಿ ಮುಚ್ಚಿಸಿದ್ದಳು. ಎಂಬತ್ತೇಳು ವರ್ಷ ಆಕೆ ಬದುಕಿದ್ದು ಪಕ್ಕದ ಮನೆಯವರು ಪಾಪದವರು ಎಂದುಕೊಂಡು, ತಮ್ಮನ್ನು ದ್ವೇಷಿಸಿದವರು ಎಂದಲ್ಲ.

ನನ್ನ ಬಾಯಿ ಜೋರು ಎಂದು ಆಗಲೇ ಹೇಳಿದ್ದೇನಲ್ಲ. “ಹಾಗಲ್ಲ, ನಡೆದದ್ದು ಏನೆಂದರೆ” ಎಂದು ನಾನು ಹೊರಟೇಬಿಟ್ಟಿದ್ದೆ. ಮೇಜಿನ ಕೆಳಗೆ ಅಜ್ಜಿಯ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಅಷ್ಟು ಬಲ ಆ ಕೈಯಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಮೂರು ದಿನ ಆ ಗುರುತು ಇತ್ತು.

“ನಿನ್ನ ತಾಯಿಗೆ ಆಮೇಲಾದರೂ ವಾಸಿಯಾಯಿತಾ?” ಎಂದು ಆಕೆ ಕೇಳಿದರು. “ನನ್ನಮ್ಮ ಸಾಯುವವರೆಗೂ ಕೇಳುತ್ತಿದ್ದಳು.”

ಅಜ್ಜಿ ಸೇಬಿನ ಸಿಪ್ಪೆಗಳನ್ನು ನೋಡುತ್ತಿದ್ದರು. ಅವರ ಮುಖದಲ್ಲಿ ಏನೋ ನಡೆಯುತ್ತಿತ್ತು. ಬರೀ ಸುಳ್ಳು ಹೇಳುವವರ ಮುಖ ಅದಾಗಿರಲಿಲ್ಲ.

“ಇಲ್ಲ” ಎಂದರು. “ವಾಸಿಯಾಗಲಿಲ್ಲ. ಅವರ ತಮ್ಮ ಹಾಗೆ ಹೋದಮೇಲೆ ವಾಸಿಯಾಗಲೇ ಇಲ್ಲ. ನಾವು ಅದನ್ನು ಕಾಯಿಲೆ ಅಂತ ತಿಳಿದುಕೊಳ್ಳಲಿಲ್ಲ.”

“ಪಾಪ” ಎಂದರು ಆಕೆ. ಆಮೇಲೆ ನಗುತ್ತ, “ಆ ಕಾಲುಚೀಲ ಎರಡು ವರ್ಷದ ಮೇಲೆ ನಾನೇ ಹಾಕಿಕೊಂಡು ಅಮೆರಿಕಕ್ಕೆ ಬಂದೆ. ಹಿಮ್ಮಡಿಯ ಹತ್ತಿರ ನನಗೆ ದೊಡ್ಡದಾಗುತ್ತಿತ್ತು. ನಿನ್ನ ಪಾದ ದೊಡ್ಡದು ಅಂತ ಅಮ್ಮ ದೂರದಿಂದಲೇ ಅಂದಾಜು ಮಾಡಿದ್ದಳು” ಎಂದರು. ಇಬ್ಬರೂ ಬಗ್ಗಿ ಪಾದ ನೋಡಿಕೊಂಡರು. ಎರಡು ಗಂಟೆ ಮಾತಾಡಿದರು. ಶಾಲೆಯ ಮೇಷ್ಟರು, ಯಾರದೋ ಕತ್ತೆ, ಕೆನೆ ಕದ್ದ ಬೆಕ್ಕು. ನಾನು ಸೇಬು ಹೆಚ್ಚಿಕೊಟ್ಟೆ. ಅಜ್ಜಿ ಹೇಳಬೇಕೆಂದು ಮುನ್ನೂರು ಮೈಲಿ ತಂದ ಮೂರು ವಾಕ್ಯದಲ್ಲಿ ಎರಡು ಬಾಯಲ್ಲೇ ಉಳಿದವು.

ಭಾನುವಾರ ಹೊರಡುವಾಗ ಯಜಮಾನರು ಕಾರಿನ ಟೈರನ್ನು ಅನಗತ್ಯವಾಗಿ ಒದ್ದು ನೋಡಿದರು. ಆಮೇಲೆ ನನ್ನ ಕಿಟಕಿಯ ಹತ್ತಿರ ಬಗ್ಗಿದರು.

“ಇಲ್ಲೇ ಬಂದ್ಬಿಡೇ. ಮೇ ತಿಂಗಳಿಗೆ ಅಲ್ಲಿ ಲೀಸ್ ಮುಗಿಯತ್ತಲ್ಲ. ಎರಡು ಬೆಡ್‌ರೂಮಿನ ಮನೆಗೆ ಅಪ್ಲೈ ಮಾಡ್ತೀನಿ.”

“ಆರು ವರ್ಷ ಬೇಕಾಯ್ತಾ ಇದನ್ನ ಹೇಳಕ್ಕೆ?”

“ನೀನು ಬರಲ್ಲ ಅಂದ್ಕೊಂಡಿದ್ದೆ ಕಣೇ.”

ಬರುತ್ತೇನೆ ಎಂದೆ. ಕನ್ನಡದಲ್ಲಿ ನಡೆದ ಮಾತು, ಪಕ್ಕದ ಸೀಟಿನಲ್ಲಿದ್ದ ಅಜ್ಜಿಗೆ ಅರ್ಥವಾಗಲಿಲ್ಲ. ನಿನ್ನ ಗಂಡ ಒಳ್ಳೆಯವನು, ಉಪ್ಪು ಮಾತ್ರ ಜಾಸ್ತಿ ಹಾಕುತ್ತಾನೆ ಎಂದರು.

ಕಲಮಜೂ ಹತ್ತಿರದ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದಾಗ ನಾನು ತಡೆಯಲಾರದೆ ಕೇಳಿದೆ. ಸಿಟ್ಟು ಬಂದಿತ್ತು. “ಅದಕ್ಕೇ ಅಲ್ಲವಾ ಹೋದದ್ದು? ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು” ಎಂದರು. “ಅವಳಿಗೆ? ಅವಳಪ್ಪನಿಗೆ ಊರೆಲ್ಲ ಬಹಿಷ್ಕಾರ ಹಾಕಿತ್ತು, ನಮ್ಮಮ್ಮ ಚಾಡಿಕೋರ ಅಂದಿದ್ದರು ಅಂತ ಈ ವಯಸ್ಸಿಗೆ ಗೊತ್ತಾಗಬೇಕಾ? ಒಬ್ಬ ತಾಯಿ ತನ್ನ ಮಕ್ಕಳ ಎದೆಗೆ ವಿಷ ತಾಗದ ಹಾಗೆ ಅಷ್ಟು ವರ್ಷ ಅಡ್ಡ ನಿಂತಿದ್ದಳು. ನಾನು ಒಂದು ಶನಿವಾರ ಹೋಗಿ ಸುರಿದು ಬರಬೇಕಾ?” ಚಿತ್ರಾನ್ನದ ಡಬ್ಬಿಯನ್ನು ತೆರೆದು ಹಾಗೇ ಮುಚ್ಚಿದರು. “ಇದನ್ನು ಯಾರಿಗೂ ಹೇಳಬೇಡ.”

ಅವರಿಗೆ ಕನ್ನಡ ಓದಲು ಬಾರದು ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಈಗ ಪ್ರತಿ ಭಾನುವಾರ ಮೂರು ಗಂಟೆಗೆ ಟ್ರಾಯ್‌ನಿಂದ ಅಜ್ಜಿಗೆ ಫೋನು ಬರುತ್ತದೆ. ಒಂದು ಗಂಟೆಗೆ ಕಡಿಮೆಯಿಲ್ಲ. ಅವರ ನಗು ನಮ್ಮ ಮನೆಯವರೆಗೂ ಕೇಳುತ್ತದೆ. ಮೊದಮೊದಲು ನನಗೆ ಸಂತೋಷವಾಗುತ್ತಿತ್ತು. ಕಳೆದ ವಾರ ಫೋನ್ ಮುಗಿಯುವ ಹೊತ್ತಿಗೆ ನಾನು ಹೋದೆ. ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು, ಟೀ ತಣ್ಣಗಾಗಿತ್ತು.

“ಅವಳು ನನಗೆ ತುಂಬ ಇಷ್ಟ” ಎಂದರು. “ಅದೇ ಕಷ್ಟ. ಎಂಬತ್ತೊಂಬತ್ತಕ್ಕೆ ಒಬ್ಬಳು ಗೆಳತಿ ಸಿಕ್ಕಳು, ಅವಳಿಗೆ ಇಷ್ಟವಾಗಿರುವುದು ಒಬ್ಬ ಪಾಪದ ಹುಡುಗಿ. ಆ ಹುಡುಗಿ ನಾನಲ್ಲ. ಪ್ರತಿ ಭಾನುವಾರ ಆ ಹುಡುಗಿಯ ಹಾಗೆ ಮಾತಾಡಿ ಫೋನ್ ಇಟ್ಟಮೇಲೆ ಮನೆ ಮೊದಲಿಗಿಂತ ಖಾಲಿ ಅನ್ನಿಸುತ್ತೆ.”

ನಾನು ಟೀ ಬಿಸಿ ಮಾಡಲು ಎದ್ದೆ. ನನ್ನ ಸೆರಗು ಹಿಡಿದು ಕೂರಿಸಿದರು.

“ನಾನು ಯಾರು, ಏನು ಮಾಡಿದೆ, ಎಲ್ಲ ಗೊತ್ತಿರುವವಳು ಈಗ ಭೂಮಿಯ ಮೇಲೆ ನೀನೊಬ್ಬಳೇ. ಗೊತ್ತಿದ್ದೂ ದಿನಾ ಬಾಗಿಲು ತಟ್ಟದೆ ಒಳಗೆ ಬರುತ್ತೀಯಲ್ಲ, ಅಷ್ಟು ಸಾಕು ನನಗೆ.”

ಟ್ರಾಯ್‌ನ ಹೊಸ ಮನೆಯ ಕಾಗದಗಳು ಆ ಹೊತ್ತಿಗೆ ನನ್ನ ಫೋನಿನಲ್ಲಿದ್ದವು, ಬೆಳಗ್ಗೆಯಷ್ಟೇ ಸಹಿ ಹಾಕಿದ್ದೆ. ಮೇ ತಿಂಗಳಿಗೆ ಇನ್ನು ಏಳು ವಾರ. ಹೇಳಲು ಬಾಯಿ ತೆರೆದೆ. ಟೀಗೆ ಸಕ್ಕರೆ ಎಷ್ಟು ಎಂದು ಕೇಳಿದೆ. ಅವರು ಸಕ್ಕರೆ ಹಾಕಿಕೊಳ್ಳುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.